ಕ್ಯಾಮೆರಾಕ್ಕೆ ಎರಡನೆಯ ಕಣ್ಣು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿ ಮೇಗರವಳ್ಳಿ ದಾಟಿದ ಮೇಲೆ ಗಾಡಿ ನಿಲ್ಲಿಸಿ ಕಾಡಿನ ಫೋಟೊ ತೆಗೆಯದವರು ಕಡಿಮೆ. ಮನೆಗೆ ಬಂದು ನೋಡಿದರೆ ನಿರಾಶೆ. ಕಣ್ಣಿಗೆ ಹತ್ತು ಮಾರು ಒಳಗೊಂದು ಮರ, ಅದರಾಚೆ ಇನ್ನೊಂದು ಎಂದು ಪದರ ಪದರವಾಗಿ ಕಂಡ ಕಾಡು ಚಿತ್ರದಲ್ಲಿ ಹಸಿರು ಬಳಿದ ಗೋಡೆಯಾಗಿರುತ್ತದೆ. ತೆಗೆದವರ ತಪ್ಪೇನೂ ಇಲ್ಲ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು.

ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಅಷ್ಟರಿಂದಲೇ ಎರಡಕ್ಕೂ ಕಾಣುವ ನೋಟ ತುಸು ಬೇರೆ. ಈ ವ್ಯತ್ಯಾಸವನ್ನು ಲೆಕ್ಕ ಹಾಕಿ ಮಿದುಳು ಆಳವನ್ನು ಗ್ರಹಿಸುತ್ತದೆ. ಇದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು ಅದರ ಮರುವರ್ಷ. ಹಾಗಾಗಿ ಅವನು ತನ್ನ ಕನ್ನಡಿಯ ಉಪಕರಣಕ್ಕೆ ಕೈಯಿಂದ ಬರೆದ ರೇಖಾಚಿತ್ರಗಳನ್ನೇ ಬಳಸಬೇಕಾಯಿತು. ಮುಂದೆ ಡೇವಿಡ್ ಬ್ರೂಸ್ಟರ್ ಎರಡು ಮಸೂರಗಳ ಚಿಕ್ಕ ಪೆಟ್ಟಿಗೆಯೊಂದನ್ನು ರೂಪಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿದ್ದೇ ತಡ, ಯುರೋಪಿನ ಮನೆಮನೆಗೂ ಜೋಡಿಚಿತ್ರಗಳು ಹೊಕ್ಕವು.

ಆ ಗಾಳಿ ಕನ್ನಡನಾಡಿಗೆ ಬೀಸಲು ಹೆಚ್ಚು ಕಾಲ ಬೇಕಾಗಲಿಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಗೆಳೆಯ ಡಾಕ್ಟರ್ ನೀಲ್ ಜೊತೆ ಹಳೇಬೀಡು, ಬೇಲೂರುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದ. ಅವು ಕಾಗದದ ನೆಗೆಟಿವ್‌ಗಳಿಂದ ಮಾಡಿದ ಒಂಟಿ ಚಿತ್ರಗಳು. ಎರಡೇ ವರ್ಷಗಳಲ್ಲಿ ಅವನು ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದ. 1858ರಲ್ಲಿ ಅವನು ಹೊರತಂದ ಸಂಪುಟಗಳಲ್ಲಿ ತಿರುಚಿರಾಪಳ್ಳಿ, ತಂಜಾವೂರು ಮತ್ತು ಸುತ್ತಲಿನ ಜಾಗಗಳ ಜೋಡಿಚಿತ್ರಗಳದೇ ಒಂದು ಸಂಪುಟವಿದೆ. ಹೊಯ್ಸಳರ ಆಳವಾದ ಕೆತ್ತನೆಗೆ ಜೋಡಿಚಿತ್ರ ಎಷ್ಟು ಒಪ್ಪುತ್ತಿತ್ತು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. 1859ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್, ಸರ್ಕಾರಕ್ಕೆ ಫೋಟೊಗ್ರಫಿ ಐಷಾರಾಮದ ಖರ್ಚೆಂದು ಬಗೆದು ಟ್ರೈಪನ ಕೆಲಸ ನಿಲ್ಲಿಸಿದ.

ಆಮೇಲಿನ ಕಥೆ ಕಾರ್ಖಾನೆಗಳದು. 1893ರಲ್ಲಿ ಪ್ಯಾರಿಸ್ಸಿನ ಜೂಲ್ ರಿಷಾರ್ ಗಾಜಿನ ಫಲಕ ಬಳಸುವ ಕೈಹಿಡಿಯ ಜೋಡಿ ಕ್ಯಾಮೆರಾ ತಂದ. 1939ರಲ್ಲಿ ಅಮೆರಿಕದಲ್ಲಿ ವ್ಯೂಮಾಸ್ಟರ್ ಹುಟ್ಟಿತು. ಏಳು ಜೋಡಿಚಿತ್ರಗಳ ಆ ದುಂಡನೆಯ ಚಕ್ರವನ್ನು ಕಣ್ಣಿಗೊತ್ತಿ ನೋಡಿದ ನೆನಪು ಇಲ್ಲಿಯೂ ಅನೇಕರಿಗಿದೆ. 1947ರ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾ 35 ಮಿಲಿಮೀಟರ್ ರೀಲಿನಲ್ಲೇ ಜೋಡಿಚಿತ್ರ ತೆಗೆಯುತ್ತಿತ್ತು. ಆದರೆ ಇಂಥ ಕ್ಯಾಮೆರಾಗಳು ಎಂದೂ ಅಗ್ಗವಾಗಲಿಲ್ಲ, ಕ್ರಮೇಣ ತಯಾರಿಯೂ ನಿಂತಿತು. ಆಗ ಹವ್ಯಾಸಿಗಳು ಕೈಯಲ್ಲಿದ್ದ ಹಳೆಯ ಕ್ಯಾಮೆರಾಗಳನ್ನೇ ಬಿಚ್ಚಿ ಮಾರ್ಪಡಿಸಿಕೊಳ್ಳುವುದು ಹೆಚ್ಚಾಯಿತು.

ಎಲ್ಲಕ್ಕಿಂತ ಸುಲಭದ ದಾರಿಗೆ ಕ್ಯಾಮೆರಾವನ್ನು ಬಿಚ್ಚುವುದೂ ಬೇಡ. ಒಂದು ಚಿತ್ರ ತೆಗೆದು, ಮರದ ಪಟ್ಟಿಯ ಮೇಲೆ ಕ್ಯಾಮೆರಾವನ್ನು ಆರೂವರೆ ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ತೆಗೆದರಾಯಿತು. ಹತ್ತಿರದ ವಸ್ತು ಎಷ್ಟು ದೂರದಲ್ಲಿದೆಯೋ ಅದರ ಮೂವತ್ತರಲ್ಲೊಂದು ಪಾಲು ಸರಿಸಬೇಕೆಂಬುದು ಈ ಹವ್ಯಾಸದ ಹಳೆಯ ಲೆಕ್ಕ. ಎರಡು ಮೀಟರ್ ದೂರಕ್ಕೆ ಅದು ಕಣ್ಣುಗಳ ಅಂತರಕ್ಕೇ ಹೊಂದುತ್ತದೆ. ಮೂರು ಕಿಲೋಮೀಟರ್ ದೂರದಿಂದ ಕುಂದಾದ್ರಿ ಬೆಟ್ಟದ ಚಿತ್ರ ತೆಗೆಯುವವರು, ನಡುವೆ ಬೇರೇನೂ ಇಲ್ಲದಿದ್ದರೆ, ನೂರು ಮೀಟರ್ ನಡೆದು ಹೋಗಿ ಎರಡನೆಯ ಚಿತ್ರ ತೆಗೆಯಬಹುದು. ಅಷ್ಟರಲ್ಲಿ ಮೋಡ ಸರಿದಿರುತ್ತದೆ. ಗಾಳಿಗೆ ಎಲೆ ಅಲ್ಲಾಡಿದರೂ ಜೋಡಿ ಕೆಡುತ್ತದೆ; ಮಲೆನಾಡಿನ ಕಾಡಿನಲ್ಲಿ ಎಲೆ ಅಲ್ಲಾಡದ ಗಳಿಗೆಗೆ ಕಾದು ಕೂರಬೇಕು.

ಹಾಗಾಗಿ ಎರಡು ಕ್ಯಾಮೆರಾ. ಒಂದು ಕಾಲಕ್ಕೆ ಭಾರತದಲ್ಲೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಮಾದರಿಯ ಎರಡು ಡಬ್ಬಿ ಕ್ಯಾಮೆರಾಗಳನ್ನು ಹಲಗೆಯೊಂದರ ಮೇಲೆ ಅಕ್ಕಪಕ್ಕ ಬಿಗಿದು, ಎರಡು ಕೈಯಿಂದ ಏಕಕಾಲಕ್ಕೆ ಒತ್ತಿದರೆ ಜೋಡಿಚಿತ್ರ ಬರುತ್ತದೆ. ತೊಡಕು ಎರಡು. ಒಂದೇ ಗಳಿಗೆಯಲ್ಲಿ ಒತ್ತಿದೆವೆಂದುಕೊಂಡರೂ ಹಳೆಯ ಶಟರ್‌ಗಳು ಜೊತೆಯಾಗಿ ತೆರೆಯುತ್ತವೆಂಬ ಭರವಸೆಯಿಲ್ಲ. ಮಸೂರಗಳ ಅಂತರವೂ ಕಣ್ಣುಗಳ ಅಂತರವನ್ನು ಮೀರುತ್ತದೆ. ಹೀಗೆ ತೆಗೆದ ಚಿತ್ರದಲ್ಲಿ ಹತ್ತಿರದ ಮನೆ, ಮನುಷ್ಯರು ದೈತ್ಯನ ಕಣ್ಣಿಗೆ ಬಿದ್ದ ಆಟಿಕೆಗಳಂತೆ ಕಾಣುತ್ತಾರೆ.

ಈ ಅಂತರ ಇಳಿಸಲು ಗರಗಸ ಹಿಡಿದವರಿದ್ದಾರೆ. ಜರ್ಮನಿಯ ಆರ್‌ಬಿಟಿ ಸಂಸ್ಥೆ ಎರಡು ಎಸ್‌ಎಲ್‌ಆರ್ ಕ್ಯಾಮೆರಾಗಳ ಒಂದೊಂದು ಪಕ್ಕ ಕತ್ತರಿಸಿ, ಬೆಸೆದು, ಎರಡರ ಒಳಗೂ ಒಂದೇ ರೀಲು ಓಡುವಂತೆ ಮಾಡಿ ಮಾರಿತು. ಗಡಿಯಾರದಷ್ಟು ನಾಜೂಕಿನ ಕೆಲಸ ಅದು. ಮನೆಯಲ್ಲಿ ಪ್ರಯತ್ನಿಸುವವರು ಎರಡು ಒಳ್ಳೆಯ ಕ್ಯಾಮೆರಾ ಕಳೆದುಕೊಂಡು ಒಂದು ಕೆಟ್ಟದ್ದನ್ನು ಪಡೆಯುವ ಸಂಭವವೇ ಹೆಚ್ಚು.

ಕೆಲಸಕ್ಕೆ ಬಾರದೆ ಮೂಲೆ ಸೇರಿದ್ದನ್ನು ಮಾರ್ಪಡಿಸಿದರೆ ಅಂಥ ಸಂಕಟವಿಲ್ಲ. 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ನಿಮ್ಸ್ಲೊ ಕ್ಯಾಮೆರಾಕ್ಕೆ ನಾಲ್ಕು ಮಸೂರಗಳು. ನಾಲ್ಕು ಕಿರುಚಿತ್ರಗಳನ್ನು ಸೇರಿಸಿ ಆಳ ತೋರುವ ಮುದ್ರಣ ಮಾಡಲು ವಿಶೇಷ ಪ್ರಯೋಗಾಲಯವೇ ಬೇಕಿತ್ತು. ವ್ಯಾಪಾರ ಕುಸಿದ ಮೇಲೆ ಹವ್ಯಾಸಿಗಳು ಎರಡು ಮಸೂರ ಮುಚ್ಚಿ, ಒಳಗಿನ ತಡೆಗಳನ್ನು ತೆಗೆದು, ಅದನ್ನು ಅಗಲ ಚಿತ್ರದ ಜೋಡಿ ಕ್ಯಾಮೆರಾ ಮಾಡಿಕೊಂಡರು. ಲೆನಿನ್‌ಗ್ರಾಡಿನಲ್ಲಿ 1950ರ ದಶಕದಿಂದ ತಯಾರಾದ ಸ್ಪುಟ್ನಿಕ್, ಲುಬಿಟೆಲ್ ಎಂಬ ಸೋವಿಯತ್ ಕ್ಯಾಮೆರಾದ ಜೋಡಿ ರೂಪ. ಅದರ ಒಳಗೋಡೆ ಹೊಳೆಯುವುದರಿಂದ ಚಿತ್ರ ಮಸುಕಾಗುತ್ತದೆ. ಮದ್ದು ಸರಳ: ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಕಪ್ಪು ಮಖಮಲ್ ಅಂಟಿಸುವುದು.

ಮಲೆನಾಡಿನಲ್ಲಿ ಇದೆಲ್ಲಕ್ಕೂ ಮೊದಲು ಗೆಲ್ಲಬೇಕಾದ ಶತ್ರು ಬೂಷ್ಟು. ಆಗುಂಬೆ ಸೀಮೆಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಕ್ಯಾಮೆರಾದ ಮಸೂರಕ್ಕೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಒಂಟಿ ಚಿತ್ರವಾದರೆ ತುಸು ಮಂಜು ಕವಿದಂತೆ ಕಂಡೀತು, ಅಷ್ಟೆ. ಜೋಡಿಯಲ್ಲಿ ಒಂದೇ ಮಸೂರ ಕೆಟ್ಟರೆ ಎಡಗಣ್ಣಿಗೆ ಬಿಸಿಲು, ಬಲಗಣ್ಣಿಗೆ ಮಂಜು, ನೋಡುವವರಿಗೆ ತಲೆನೋವು. ರೀಲಿನ ಕಷ್ಟ ಬೇರೆ. 1960ರಲ್ಲಿ ಸ್ಥಾಪನೆಯಾಗಿ ಇಂದು ಹೆಸರಿನ ರೀಲು ತಯಾರಿಸುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿದೆ. ಈಗ ಹೊರದೇಶದ ರೀಲುಗಳೇ ಗತಿ.

ತೊಳೆದು ತೆಗೆದ ಮೇಲೂ ಒಂದು ಎಚ್ಚರ ಬೇಕು. ಮಸೂರ ಎಲ್ಲವನ್ನೂ ತಲೆಕೆಳಗು ಮಾಡಿ ಮೂಡಿಸುತ್ತದೆ. ಎರಡು ಮಸೂರಗಳ ಕ್ಯಾಮೆರಾದ ನೆಗೆಟಿವನ್ನು ಕತ್ತರಿಸದೆ ಮುದ್ರಿಸಿ ನೆಟ್ಟಗೆ ತಿರುಗಿಸಿದರೆ ಎಡಚಿತ್ರ ಬಲಕ್ಕೆ, ಬಲಚಿತ್ರ ಎಡಕ್ಕೆ ಬಂದಿರುತ್ತದೆ. ಹಾಗೆಯೇ ನೋಡಿದರೆ ಹಿಂದಿನ ಬೆಟ್ಟ ಮುಂದಕ್ಕೆ ಚಾಚಿ, ಅಂಗಳದ ಅಡಿಕೆ ಮರ ಅದರೊಳಗೆ ಹೂತುಹೋದಂತೆ ಕಾಣುತ್ತದೆ. ಆದ್ದರಿಂದ ಮುದ್ರಿಸಿದ ಜೋಡಿಯನ್ನು ಕತ್ತರಿಸಿ, ಅದಲುಬದಲು ಮಾಡಿ ರಟ್ಟಿಗೆ ಅಂಟಿಸಬೇಕು. ಒಂದೇ ಥರ ಕಾಣುತ್ತವೆಂದು ಒಂದನ್ನು ಬಿಸಾಡಿ ಇನ್ನೊಂದಕ್ಕೆ ಕಟ್ಟು ಹಾಕಿಸಿದರೆ ಆಳ ಹೋಯಿತು. ಅಟ್ಟದ ಪೆಟ್ಟಿಗೆಯಲ್ಲಿ ಅಂಥ ಎರಡು ಚಿತ್ರ ಸಿಕ್ಕವರು ಅವನ್ನು ಪಕ್ಕಪಕ್ಕ ಇಟ್ಟು, ನಡುವೆ ಒಂದು ರಟ್ಟನ್ನು ಮೂಗಿನ ನೇರಕ್ಕೆ ನಿಲ್ಲಿಸಿ, ಎಡಗಣ್ಣಿಗೆ ಎಡದ್ದು, ಬಲಗಣ್ಣಿಗೆ ಬಲದ್ದು ಮಾತ್ರ ಕಾಣುವಂತೆ ದಿಟ್ಟಿಸಿ ನೋಡಬಹುದು. ಆಳ ಸರಿಯಾಗಿ ಕಂಡಾಗ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಡ, ಬಲ ಎಂದು ಗುರುತು ಹಾಕಿ, ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟರೆ ಸಾಕು.