ಸುಂಕದ ದಂಡದ ಸ್ವರೂಪ

ಸುಂಕವನ್ನು ತಪ್ಪಿಸಿದವನಿಗೆ ವಿಧಿಸುವ ದಂಡವು ರಾಜ್ಯಕ್ಕೆ ಸಲ್ಲಬೇಕಾದ ಹಣದ ವಸೂಲಿಯೋ, ಅಪರಾಧಕ್ಕೆ ಶಿಕ್ಷೆಯೋ? ಮೊದಲನೆಯದಾದರೆ ನಡವಳಿಕೆಯು ಸಿವಿಲ್, ಎರಡನೆಯದಾದರೆ ಕ್ರಿಮಿನಲ್. ಒಂದೇ ಕೃತ್ಯಕ್ಕೆ ಒಬ್ಬನನ್ನು ಎರಡು ಸಲ ಗುರಿಮಾಡಬಹುದೇ ಎಂಬುದು ಈ ನಿರ್ಣಯವನ್ನು ಅವಲಂಬಿಸಿರುವುದರಿಂದ ಇದು ಕೇವಲ ಶಬ್ದವಿಚಾರವಲ್ಲ. ಕನ್ನಡನಾಡಿನಲ್ಲಿ ರಚಿತವಾದ ಒಂದು ಗ್ರಂಥವೂ, ಇಲ್ಲಿಯೇ ಬೆಳಕಿಗೆ ಬಂದ ಇನ್ನೊಂದು ಗ್ರಂಥವೂ ಇದಕ್ಕೆ ಸಾಕ್ಷ್ಯವನ್ನೊದಗಿಸುತ್ತವೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಸುಂಕವು ಬೆಲೆಯ ಇಪ್ಪತ್ತನೆಯ ಒಂದು ಪಾಲು. ಸರಕಿನ ಪರಿಮಾಣವನ್ನು ಸುಳ್ಳು ಹೇಳಿದವನಿಗೂ ಸುಂಕದ ಕಟ್ಟೆಯನ್ನು ತಪ್ಪಿಸಿ ಹೋದವನಿಗೂ ಎಂಟುಮಡಿಯ ದಂಡ. ಗಮನಾರ್ಹವಾದುದು ಈ ವಿಧಿಯ ಸ್ಥಾನ. ಇದು ವರ್ತಕರ ಕೂಡುವ್ಯಾಪಾರವನ್ನು ಕುರಿತ ಸಂಭೂಯಸಮುತ್ಥಾನ ಪ್ರಕರಣದಲ್ಲಿದೆ. ಕಳವನ್ನು ಕುರಿತ ಸ್ತೇಯಪ್ರಕರಣವು ಅದರ ಮುಂದಿನದೇ ಆದರೂ ಅಲ್ಲಿಗೆ ಸೇರಿಲ್ಲ. ಅಂಗಚ್ಛೇದಾದಿ ಶಿಕ್ಷೆಗಳು ಬರುವುದು ಆ ಪ್ರಕರಣದಲ್ಲಿ. ಆದರೂ ಎಂಟುಮಡಿಯೆಂಬುದು ಬರಿಯ ನಷ್ಟಪೂರಣವಲ್ಲವೆಂಬುದು ಸ್ಪಷ್ಟ.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಸೂಕ್ಷ್ಮವಾದ ಭೇದವನ್ನು ಮಾಡುತ್ತದೆ. ಸುಂಕ ಕೊಡದೆ ಧ್ವಜಸ್ಥಾನವನ್ನು ದಾಟಿದವನಿಗೆ ಎಂಟುಮಡಿಯ ದಂಡ. ವಿವಾಹ, ಯಜ್ಞ, ಪ್ರಸವ ಮೊದಲಾದವುಗಳಿಗೆ ಒಯ್ಯುವ ಪದಾರ್ಥಕ್ಕೆ ಸುಂಕವಿಲ್ಲ. ಆ ವಿನಾಯಿತಿಯನ್ನು ಸುಳ್ಳು ಹೇಳಿ ಪಡೆದವನಿಗಾದರೋ ಸ್ತೇಯದಂಡ, ಎಂದರೆ ಕಳ್ಳನಿಗೆ ವಿಧಿಸುವ ದಂಡ. ಹೀಗೆ ಒಂದೇ ಕಟ್ಟೆಯಲ್ಲಿ ಎರಡು ಬಗೆಯ ದಂಡಗಳಿದ್ದವು. ಇತ್ತ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳಗಳು ಸುಂಕಗಳಾಗಿ ಬರುವಂತೆ, ದಂಡದೋಷವೂ ದತ್ತಿಯ ಆದಾಯಗಳಲ್ಲಿ ಎಣಿಕೆಯಾಗುತ್ತದೆ. ದಂಡವು ಶಿಕ್ಷೆಯಾಗಿರುವಾಗಲೂ ಆದಾಯವಾಗಿತ್ತು.

ಈ ದ್ವೈವಿಧ್ಯವು ಇಂದಿಗೂ ಉಳಿದಿದೆ. ಆರ್.ಟಿ. ನಗರದ ಬಳಿಯ ಹೆಬ್ಬಾಳವನ್ನು ಹಾದು ಬಳ್ಳಾರಿ ರಸ್ತೆಯು ತಲಪುವ, 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನನಿಲ್ದಾಣವೂ ಒಂದು ಸುಂಕದ ಕಟ್ಟೆಯೇ. ಅಲ್ಲಿ ಅನ್ವಯಿಸುವ 1962ರ ಕಸ್ಟಮ್ಸ್ ಕಾಯಿದೆಯ 112ನೆಯ ಪ್ರಕರಣದಂತೆ ದಂಡ ವಿಧಿಸುವವನು ಸುಂಕದ ಅಧಿಕಾರಿ; 135ನೆಯದರಂತೆ ಸೆರೆವಾಸ ವಿಧಿಸುವುದು ನ್ಯಾಯಾಲಯ. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲವೆಂದು 127ನೆಯದು ಹೇಳುತ್ತದೆ. ಇದರ ಬುನಾದಿಯನ್ನು ಸುಪ್ರೀಂ ಕೋರ್ಟು 1953ರ ಮಕ್ಬೂಲ್ ಹುಸೇನ್ ಮೊಕದ್ದಮೆಯಲ್ಲಿಯೇ ಹಾಕಿತ್ತು. 1949ರಲ್ಲಿ ಮುಂಬಯಿಯಲ್ಲಿ ವಿಮಾನದಿಂದಿಳಿದವನ ಚಿನ್ನವನ್ನು ಸುಂಕದವರು ಜಪ್ತಿಮಾಡಿದ್ದರು. ಬಳಿಕ ಅವನ ಮೇಲೆ ವಿದೇಶೀ ವಿನಿಮಯದ ಕಾನೂನಿನಂತೆ ಫಿರ್ಯಾದು ಹೂಡಲಾಯಿತು. ಸುಂಕದ ಅಧಿಕಾರಿಯು ನ್ಯಾಯಾಲಯವಲ್ಲ, ಜಪ್ತಿಯು ಸಂವಿಧಾನದ 20(2)ನೆಯ ವಿಧಿ ಹೇಳುವ ಶಿಕ್ಷೆಯಲ್ಲ, ಆದುದರಿಂದ ಎರಡನೆಯ ವಿಚಾರಣೆಗೆ ಬಾಧೆಯಿಲ್ಲವೆಂದು ತೀರ್ಪಾಯಿತು. ಆದರೆ 1974ರ ಭೂರ್ಮಲ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಕಾಯಿದೆಯು ಬೇರೆ ಬಗೆಯಾಗಿ ಹೇಳದಿರುವಲ್ಲಿ ಸರಕು ಕಳ್ಳಸಾಗಣೆಯದೆಂದು ರುಜುಪಡಿಸುವ ಹೊಣೆ ಇಲಾಖೆಯದೇ ಎಂದಿತು; ಗಣಿತದ ನಿಷ್ಕರ್ಷೆ ಮಾತ್ರ ಬೇಕಿಲ್ಲವೆಂದಿತು.

ಆದುದರಿಂದ ಸುಂಕದ ದಂಡವು ವಿಚಾರಣೆಯ ಸ್ಥಾನದಿಂದ ಸಿವಿಲ್, ಪರಿಣಾಮದಿಂದ ಶಿಕ್ಷಾರೂಪವಾದುದು ಎನ್ನಬೇಕಾಗುತ್ತದೆ. ಸಿವಿಲ್ ಎಂಬ ಹೆಸರು ಎರಡನೆಯ ವಿಚಾರಣೆಗೆ ದಾರಿಯನ್ನು ತೆರೆದಿಡುವುದು. ಆ ಕಾರಣದಿಂದಲೇ ಮೊದಲನೆಯ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಹಗುರಾಗಿ ಎಣಿಸಲಾಗದು. ಪ್ರಾಚೀನರು ಕಟ್ಟೆ ದಾಟಿದವನನ್ನೂ ಕಪಟದಿಂದ ವಿನಾಯಿತಿ ಪಡೆದವನನ್ನೂ ಬೇರೆ ಬೇರೆಯಾಗಿ ಕಂಡುದು ಈ ವಿವೇಕದಿಂದಲೇ ಎಂದು ಭಾವಿಸಲು ಅವಕಾಶವಿದೆ.