ಮತಗಟ್ಟೆ ಆರಿಸುವ ಲಾಟರಿ: ಶೇಷದಲ್ಲಿ ಅಡಗಿರುವ ಪಕ್ಷಪಾತ

ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 8ರಂದು ಹೇಳಿತು. ಯಾವ 5 ಎಂಬುದನ್ನು ಅಭ್ಯರ್ಥಿಗಳ ಕಡೆಯವರ ಮುಂದೆ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಚೀಟಿ ಬದಲು ದಾಳ ಎಸೆದರೆ?

ಅಮೆರಿಕದ ಕೊಲರಾಡೊ ರಾಜ್ಯ 2017ರಲ್ಲಿ ಮತಪತ್ರಗಳ ಆಡಿಟ್‌ಗೆ 10 ಮುಖದ ದಾಳಗಳನ್ನೇ ಬಳಸಿತ್ತು. ಅಂಥದ್ದನ್ನು ಮೂರು ಸಲ ಎಸೆದರೆ 000ರಿಂದ 999ರವರೆಗೆ 1000 ಸಂಖ್ಯೆಗಳಿಗೂ ಸಮಾನ ಅವಕಾಶ. ಕ್ಷೇತ್ರದಲ್ಲಿ 300 ಮತಗಟ್ಟೆ ಇವೆ ಅಂದುಕೊಳ್ಳಿ. ಬಂದ ಸಂಖ್ಯೆಯನ್ನು 300ರಿಂದ ಭಾಗಿಸಿ ಶೇಷ ತಗೊಂಡ್ರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ.

ಆಗಲ್ಲ. 1000ದಲ್ಲಿ 300 ಮೂರು ಸಲ ಹೋಗಿ 100 ಉಳಿಯುತ್ತೆ. ಹಾಗಾಗಿ ಶೇಷ 0ಯಿಂದ 99 ಇರುವ ಮತಗಟ್ಟೆಗಳಿಗೆ ತಲಾ 4 ಅವಕಾಶ, ಉಳಿದ 200ಕ್ಕೆ ತಲಾ 3. ಶೇಷದ ಬದಲು 0.3ರಿಂದ ಗುಣಿಸಿ ದಶಮಾಂಶ ಬಿಟ್ಟರೂ ಅಷ್ಟೇ. ಹೆಚ್ಚುವರಿ ಅವಕಾಶ ಬೇರೆಯವರ ಪಾಲಾಗುತ್ತೆ.

ಸರಿಯಾದ ದಾರಿ ಸುಲಭ: 900 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಿಟ್ಟು, ಮೂರೂ ಸಲ ಹೊಸದಾಗಿ ಎಸೆಯಿರಿ. ಆಗ ಪ್ರತಿ ಮತಗಟ್ಟೆಗೂ ತಲಾ 3 ಅವಕಾಶ. ಸರಾಸರಿ 10ರಲ್ಲಿ 1 ಪ್ರಯತ್ನ ವ್ಯರ್ಥ, ಅಷ್ಟೇ. ಆರಿಸಿದ ಮತಗಟ್ಟೆಯೇ ಮತ್ತೆ ಬಂದರೂ ಬಿಟ್ಟುಬಿಡಿ. ಮತಗಟ್ಟೆ 1000ಕ್ಕಿಂತ ಹೆಚ್ಚಿದ್ದರೆ ನಾಲ್ಕು ಸಲ ಎಸೆಯಿರಿ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು? ಯಾವ ಮತಗಟ್ಟೆ ತಪಾಸಣೆಗೆ ಬರೋದು ಕಮ್ಮಿ ಅಂತ ಮೊದಲೇ ಗೊತ್ತಿದ್ದರೆ, ಅಕ್ರಮ ಮಾಡುವವರು ಅಲ್ಲೇ ಮಾಡ್ತಾರೆ. ಅದಕ್ಕೇ ‘ಕಂಪ್ಯೂಟರ್ ಆರಿಸಿದೆ’ ಅಂತ ಯಾರಾದರೂ ಹೇಳಿದರೆ ನಾನು ಕೇಳೋದು ಒಂದೇ: ಉಳಿದ ಸಂಖ್ಯೆಗಳನ್ನು ಏನು ಮಾಡಿದಿರಿ?