ಮೇ–ಜುಲೈ ಮನೆ ಶಿಫ್ಟಿಂಗ್ ಗಡಿಬಿಡಿ: ಉಡುಪಿ, ಮಣಿಪಾಲದ ಅಪಾರ್ಟ್‌ಮೆಂಟ್ ತಂಡಗಳು ತಿಳಿದಿರಬೇಕಾದದ್ದು

ಉಡುಪಿ: ಮೇ ಕೊನೆಯ ವಾರ ಬಂತೆಂದರೆ ಉಡುಪಿ, ಮಣಿಪಾಲ, ಕುಂದಾಪುರದ ಅಪಾರ್ಟ್‌ಮೆಂಟ್‌ಗಳ ಗೇಟಿನ ಮುಂದೆ ಟೆಂಪೋ ಸಾಲು. ಜೂನ್ ಆರಂಭಕ್ಕೆ ಶಾಲೆ ತೆರೆಯುತ್ತದೆ, ಸರ್ಕಾರಿ ನೌಕರರ ಮತ್ತು ಬ್ಯಾಂಕಿನವರ ವರ್ಗಾವಣೆಯೂ ಹೆಚ್ಚಾಗಿ ಇದೇ ಹೊತ್ತಿಗೆ. ಮಣಿಪಾಲದಲ್ಲಿ ಜುಲೈ, ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳು ಬರುತ್ತಾರೆ. ಜುಲೈ ಮಧ್ಯದಲ್ಲಿ ಆಟಿ ಶುರುವಾದರೆ ಹೊಸ ಮನೆಗೆ ಕಾಲಿಡುವುದು ಬೇಡ ಎನ್ನುವವರು ಇಲ್ಲಿ ಕಡಿಮೆಯೇನಲ್ಲ. ಹಾಗಾಗಿ ವರ್ಷದ ದೊಡ್ಡ ಪಾಲು ಶಿಫ್ಟಿಂಗ್ ಎರಡೇ ತಿಂಗಳಲ್ಲಿ ಬಂದು ಬೀಳುತ್ತದೆ. ಅದರಲ್ಲೂ ಬಾಡಿಗೆ ಲೆಕ್ಕ 1ನೇ ತಾರೀಖಿಗೆ ಆದ್ದರಿಂದ ತಿಂಗಳ ಕೊನೆಯ 3 ದಿನ, ಮುಂದಿನ ತಿಂಗಳ ಮೊದಲ 5 ದಿನ ತಲೆನೋವು ಜಾಸ್ತಿ.

ಒಬ್ಬರ ಕೈಯಲ್ಲಿ ಪುಸ್ತಕ ಇರಲಿ

ಹೆಚ್ಚಿನ ಕಡೆ ನಿರ್ವಹಣಾ ತಂಡ ಅಂದರೆ ಒಬ್ಬ ಮ್ಯಾನೇಜರ್, ಇಬ್ಬರು ವಾಚ್‌ಮನ್, ಕಸ ಗುಡಿಸುವವರು, ಕರೆದರೆ ಬರುವ ಎಲೆಕ್ಟ್ರಿಷಿಯನ್, ಅಷ್ಟೇ. ಜಗಳ ಶುರುವಾಗುವುದು ಕೆಲಸ ಹೆಚ್ಚಾದ್ದರಿಂದಲ್ಲ, ಹೇಳುವವರು ನಾಲ್ಕು ಜನ ಆದ್ದರಿಂದ. ಮ್ಯಾನೇಜರ್ ಮಧ್ಯಾಹ್ನ ಬನ್ನಿ ಅನ್ನುತ್ತಾರೆ, ಕಾರ್ಯದರ್ಶಿ ಫೋನ್ ಮಾಡಿ ‘ಇವರೊಬ್ಬರನ್ನು ಈಗಲೇ ಬಿಡಿ’ ಅನ್ನುತ್ತಾರೆ, ಕೊನೆಗೆ ಬೈಗುಳ ತಿನ್ನುವುದು ಗೇಟಿನಲ್ಲಿ ನಿಂತ ವಾಚ್‌ಮನ್.

ಇದಕ್ಕೆ ಔಷಧ ಸರಳ. ಬುಕ್ಕಿಂಗ್ ಪುಸ್ತಕ ಒಂದೇ, ಅದು ಮ್ಯಾನೇಜರ್ ಕೈಯಲ್ಲಿ. ಒಂದು ಲಿಫ್ಟಿಗೆ ದಿನಕ್ಕೆ ಎರಡೇ ಶಿಫ್ಟಿಂಗ್: ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5. ಪುಸ್ತಕದಲ್ಲಿ ಹೆಸರಿಲ್ಲದ ಗಾಡಿ ಒಳಗೆ ಬರುವುದಿಲ್ಲ. ಅಧ್ಯಕ್ಷರ ನೆಂಟರಿಗೂ ಇದೇ ನಿಯಮ, ಇಲ್ಲದಿದ್ದರೆ ನಿಯಮ ಮಾಡುವುದೇ ಬೇಡ. ಒಂದೇ ಫ್ಲ್ಯಾಟ್‌ನಿಂದ ಹೋಗುವವರಿಗೂ ಬರುವವರಿಗೂ ಒಂದೇ ದಿನ ಕೊಡಬೇಡಿ. ಮಧ್ಯೆ ಕನಿಷ್ಠ ಒಂದು ದಿನ ಬಿಟ್ಟರೆ ಗೋಡೆ, ನಲ್ಲಿ, ಬೀಗ ನೋಡಲು ಸಮಯ ಸಿಗುತ್ತದೆ.

ವಾಚ್‌ಮನ್‌ಗಳ ವಾರದ ರಜೆಯನ್ನು ಸೀಸನ್ ಅಂತ ಕಿತ್ತುಕೊಳ್ಳುವುದು ಕೆಲವೆಡೆ ರೂಢಿ. ಮೂರನೇ ವಾರಕ್ಕೆ ಅವರು ಹೇಳದೆ ಕೇಳದೆ ಊರಿಗೆ ಹೋದರೆ ಆಶ್ಚರ್ಯವಿಲ್ಲ. ಎರಡು ತಿಂಗಳ ಮಟ್ಟಿಗೆ ಹಗಲು ಹೊತ್ತಿಗೆ ಒಬ್ಬ ಹೆಚ್ಚುವರಿ ಆಳು ಇಟ್ಟುಕೊಳ್ಳುವುದು ಅಗ್ಗ. ಹೆಚ್ಚು ಹೊತ್ತು ನಿಂತವರಿಗೆ ಆ ಕೂಲಿ ಅದೇ ತಿಂಗಳು ಕೊಡಿ.

ಲಿಫ್ಟ್ ಕೈಕೊಟ್ಟರೆ ಕಥೆ ಮುಗೀತು

ನಮ್ಮ ಕಡೆಯ ಹಳೇ ಕಟ್ಟಡಗಳಲ್ಲಿ ಸಾಮಾನಿಗೆ ಬೇರೆ ಲಿಫ್ಟ್ ಇರುವುದು ಅಪರೂಪ. 6 ಜನರ ಲಿಫ್ಟ್ ಅಂದರೆ 408 ಕೆ.ಜಿ., 8 ಜನರದ್ದು 544 ಕೆ.ಜಿ., ತಲೆಗೆ 68 ಕೆ.ಜಿ. ಲೆಕ್ಕ. ಕಬ್ಬಿಣದ ಕಪಾಟನ್ನು ಖಾಲಿ ಮಾಡದೆ ತುಂಬಿ, ಜೊತೆಗೆ ಮೂವರು ನಿಂತರೆ ಸಣ್ಣ ಲಿಫ್ಟ್ ಮಿತಿಯ ಹತ್ತಿರ ಬಂದೇ ಬಿಡುತ್ತದೆ. ಆದರೆ ಲಿಫ್ಟ್ ಹಾಳಾಗುವುದು ಭಾರದಿಂದ ಮಾತ್ರ ಅಲ್ಲ. ಬಾಗಿಲು ಮುಚ್ಚದಂತೆ ಚಪ್ಪಲಿ, ಕಲ್ಲು, ಟೇಬಲ್ ಕಾಲು ಸಿಕ್ಕಿಸುತ್ತಾರೆ, ಸೆನ್ಸರ್ ಹೋಗುತ್ತದೆ. ನೆಲಕ್ಕೆ ಪ್ಲೈವುಡ್, ಗೋಡೆಗೆ ಗೋಣಿ ಅಥವಾ ಹಳೇ ಕಂಬಳಿ ಕಟ್ಟಿ. ಶಿಫ್ಟಿಂಗ್ ಮುಗಿಯುವವರೆಗೆ ತಂಡದ ಒಬ್ಬರು ಲಿಫ್ಟ್ ಬಳಿ ಇರಲಿ. ಸೋಫಾ, ಮಂಚ ಮೆಟ್ಟಿಲಲ್ಲೇ ಹೋಗಬೇಕಾದರೆ ಅದನ್ನು ಬುಕ್ಕಿಂಗ್ ದಿನವೇ ಹೇಳಿಬಿಡಿ. ಗಾಡಿ ಬಂದು ನಿಂತ ಮೇಲೆ ಹೇಳಿದರೆ ರಂಪ.

ಇನ್ನು ಮಳೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು, ಜೂನ್‌ನಲ್ಲಿ ಶಿಫ್ಟಿಂಗ್ ಅಂದ್ರೆ ಕೇಳುವುದೇ ಬೇಡ ಮಾರಾಯ್ರೆ. ನೀರು ಸೋರುವ ಹಾಸಿಗೆ ಲಿಫ್ಟಿಗೆ ಬೇಡ, ನೀರು ಕೆಳಗೆ ಇಳಿದು ವಯರಿಂಗ್ ಸೇರುತ್ತದೆ. ಗೇಟಿನಿಂದ ಲಾಬಿಯವರೆಗೆ ಟಾರ್ಪಾಲು ಮೊದಲೇ ಕಟ್ಟಿಡಿ. ಮರ ಬಿದ್ದು ಮೆಸ್ಕಾಂ ಕರೆಂಟ್ ಹೋಗುವುದು ಮಾಮೂಲು. ಜನರೇಟರ್ ಡೀಸೆಲ್, ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತರುವ ಬ್ಯಾಟರಿ, ಇವೆರಡನ್ನೂ ಮೇ ಮೊದಲ ವಾರವೇ ಪರೀಕ್ಷಿಸಿ.

ಮಳೆ ಬರುವ ಮೊದಲಿನ ಸಮಸ್ಯೆ ತದ್ವಿರುದ್ಧ. ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ಮೇ ಹೊತ್ತಿಗೆ ಮಟ್ಟ ಇಳಿದಿರುತ್ತದೆ. ಆಗ ಖಾಲಿ ಫ್ಲ್ಯಾಟನ್ನು ಪೈಪ್ ಹಿಡಿದು ತೊಳೆಯುವುದಕ್ಕೆ ಬ್ರೇಕ್ ಹಾಕಿ, ಬಕೆಟ್ ಸಾಕು.

ಕಾಗದಪತ್ರ, ಕರೆಂಟ್ ಬಿಲ್

ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದದ್ದೇ ಇದರಿಂದ. ಕರಾರಿನ ಪ್ರತಿ, ಗುರುತಿನ ಚೀಟಿ, ಮನೆಯಲ್ಲಿರುವವರ ಹೆಸರು ಬಂದ ಮೇಲೆಯೇ ಬುಕ್ಕಿಂಗ್ ಕೊಡಿ. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡುವಂತೆ ಓನರ್‌ಗೆ ನೆನಪಿಸಿ.

ಗೃಹಜ್ಯೋತಿ ಬಂದ ಮೇಲೆ ಹೊಸ ರಗಳೆ ಒಂದಿದೆ. ಹೋಗುವ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಆ ಆರ್‌ಆರ್ ನಂಬರಿನಿಂದ ಸೇವಾಸಿಂಧುವಿನಲ್ಲಿ ಡಿಲಿಂಕ್ ಮಾಡಬೇಕು. ಮಾಡದೆ ಹೋದರೆ ಹೊಸ ಊರಿನಲ್ಲಿ ಅವರಿಗೇ ತೊಂದರೆ, ಇಲ್ಲಿಗೆ ಬಂದವರಿಗೂ ತೊಂದರೆ. ಬೀಗದ ಕೈ ವಾಪಸ್ ಪಡೆಯುವ ದಿನ ಮೀಟರ್ ಫೋಟೋ ತೆಗೆದು ಓನರ್‌ಗೂ ಬಾಡಿಗೆದಾರರಿಗೂ ಕಳಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಿರ್ವಹಣಾ ಶುಲ್ಕ ಬಾಕಿ ಇದೆ ಎಂದು ಬಾಡಿಗೆದಾರರ ಸಾಮಾನನ್ನು ಗೇಟಿನಲ್ಲಿ ತಡೆಯುವ ಸಂಘಗಳುಂಟು. ಇದು ತಪ್ಪು, ಪೊಲೀಸ್ ದೂರಿಗೆ ದಾರಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಸಾಮಾನ್ಯ ಖರ್ಚಿನ ಪಾಲು ಕೊಡಬೇಕಾದವರು ಫ್ಲ್ಯಾಟ್ ಮಾಲೀಕರು. ವಸೂಲಿ ಅವರಿಂದ ಮಾಡಿ. ಮಕ್ಕಳನ್ನು ಕಟ್ಟಿಕೊಂಡು ಮಳೆಯಲ್ಲಿ ನಿಂತ ಸಂಸಾರದಿಂದಲ್ಲ.

ಕೆಳಗಿನ ಅಂಗಡಿಯವರ ಪಾಡು

ಕಟ್ಟಡದ ಕೆಳಗೆ ಕಿರಾಣಿ, ಮೆಡಿಕಲ್, ಹೋಟೆಲ್ ಇರುವ ಕಡೆ ಲಾರಿ ಶಟರ್‌ಗೆ ಅಡ್ಡ ನಿಂತರೆ ಅವರ ಬೆಳಗಿನ ವ್ಯಾಪಾರ ಹೋದ ಹಾಗೆ. ವಾರದ ಶಿಫ್ಟಿಂಗ್ ಪಟ್ಟಿಯನ್ನು ಅಂಗಡಿಯವರಿಗೂ ಕೊಡಿ, ಗಾಡಿ ನಿಲ್ಲುವ ಜಾಗಕ್ಕೆ ಬಣ್ಣದ ಗೆರೆ ಎಳೆಯಿರಿ. ಹೊಸದಾಗಿ ಬಂದವರಿಗೆ ಬೀಗ, ಬಲ್ಬ್, ನೀರಿನ ಕ್ಯಾನ್, ಗ್ಯಾಸ್ ಪೈಪ್, ಪರದೆ ಮೊದಲ ದಿನವೇ ಬೇಕು. ಹತ್ತಿರದ ಅಂಗಡಿ, ಪ್ಲಂಬರ್, ಬಡಗಿಯ ನಂಬರ್ ನೋಟಿಸ್ ಬೋರ್ಡಿನಲ್ಲಿದ್ದರೆ ಇಬ್ಬರಿಗೂ ಅನುಕೂಲ. ಅದಕ್ಕೆ ಸಿಬ್ಬಂದಿ ಕಮಿಷನ್ ಪಡೆಯದಂತೆ ನೋಡಿಕೊಳ್ಳಿ.

ಹೋಗುವವರು ಬಿಟ್ಟು ಹೋಗುವ ಹಳೇ ಹಾಸಿಗೆ, ಟಯರ್, ಹೂಕುಂಡಗಳನ್ನು ಪಾರ್ಕಿಂಗ್ ಮೂಲೆಗೆ ತಳ್ಳಬೇಡಿ. ಜೂನ್ ಮಳೆಗೆ ನೀರು ನಿಂತು ಒಂದೆರಡು ವಾರದಲ್ಲಿ ಡೆಂಗಿ ಸೊಳ್ಳೆ ತಯಾರು. ಗುಜರಿಯವರನ್ನು ವಾರಕ್ಕೊಮ್ಮೆ ಕರೆಸಿ, ಖರ್ಚನ್ನು ಶಿಫ್ಟಿಂಗ್ ಡಿಪಾಸಿಟ್‌ನಲ್ಲಿ ಹಿಡಿಯಿರಿ. ಉಳಿದ ಡಿಪಾಸಿಟ್ ವಾರದೊಳಗೆ ವಾಪಸ್ ಆಗಲಿ. ಗೀರು ಬಿದ್ದ ಗೋಡೆಗೆ ಬಣ್ಣ ಹೊಡೆಸಲು ಮಾತ್ರ ಮಳೆ ನಿಲ್ಲುವ ತನಕ ಕಾಯಬೇಕು.